ವಲಸೆ ಮತ್ತು ವಲಸಿಗರ ಹಕ್ಕು: ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ನಿದರ್ಶನ

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳು ವಲಸೆಯ ಚರ್ಚೆಯಲ್ಲಿ ಸಾಮಾನ್ಯವಾಗಿ ಉಲ್ಲೇಖಗೊಳ್ಳುವುದಿಲ್ಲ. ವಲಸೆ ಎಂದೊಡನೆ ಕನ್ನಡಿಗರ ಕಣ್ಮುಂದೆ ನಿಲ್ಲುವುದು ರಾಯಚೂರು, ಕೊಪ್ಪಳ, ಯಾದಗಿರಿ ಕಡೆಯ ಗುಳೆ. ಮಂಡ್ಯವೆಂದರೆ ಕಾವೇರಿ, ಕಬ್ಬು, ಕನ್ನಂಬಾಡಿ ಕಟ್ಟೆ. ಆದರೆ ಜನಗಣತಿಯ ಅಂಕಿಗಳು ಬೇರೆಯದನ್ನೇ ಹೇಳುತ್ತವೆ. 2001ರಲ್ಲಿ 17,63,705 ಇದ್ದ ಮಂಡ್ಯ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 18,05,769 ಆಯಿತು. ಇಡೀ ರಾಜ್ಯದ ಜನಸಂಖ್ಯೆ ಶೇ. 15ಕ್ಕೂ ಹೆಚ್ಚು ಬೆಳೆದ ಆ ಹತ್ತು ವರ್ಷಗಳಲ್ಲಿ ಮಂಡ್ಯ ಬೆಳೆದದ್ದು ಶೇ. 2.4ರಷ್ಟು ಮಾತ್ರ. ಜನನ ಪ್ರಮಾಣದ ಇಳಿಕೆಯೊಂದರಿಂದಲೇ ಇದನ್ನು ವಿವರಿಸಲಾಗದು. ಜನ ಹೊರಗೆ ಹೋಗಿದ್ದಾರೆ. ಹೋದವರು ಬಿಟ್ಟ ಕೆಲಸಕ್ಕೆ, ಊರಲ್ಲಿ ಉಳಿದವರು ಮಾಡಲೊಲ್ಲದ ಕೆಲಸಕ್ಕೆ ದೂರದಿಂದ ಬೇರೆಯವರು ಬಂದಿದ್ದಾರೆ. ಹೀಗೆ ಒಂದೇ ನೆಲ ಏಕಕಾಲಕ್ಕೆ ವಲಸಿಗರನ್ನು ಕಳುಹಿಸುವ ಹಾಗೂ ಬರಮಾಡಿಕೊಳ್ಳುವ ನೆಲವಾಗಿರುವುದು ಇಲ್ಲಿನ ವಿಶೇಷ.

ವಲಸೆಯನ್ನು ಅರ್ಥಶಾಸ್ತ್ರವು ಕೂಲಿದರದ ವ್ಯತ್ಯಾಸದಿಂದ ವಿವರಿಸುತ್ತದೆ. ಕಾನೂನು ಅದನ್ನು ರಾಜ್ಯದ ಗಡಿಯಿಂದಲೂ ಗುತ್ತಿಗೆದಾರನ ಪುಸ್ತಕದಿಂದಲೂ ಗುರುತಿಸುತ್ತದೆ. ಮಾನವಶಾಸ್ತ್ರ ಕೇಳುವ ಪ್ರಶ್ನೆಗಳು ಬೇರೆ. ಹೋದವನು ಯಾರ ಜೊತೆ ಹೋದ, ಯಾರ ಕೋಣೆಯಲ್ಲಿ ಇಳಿದ, ಮುಂಗಡ ಯಾರಿಂದ ಪಡೆದ, ಹಬ್ಬಕ್ಕೂ ಸಾವಿಗೂ ಎಲ್ಲಿಗೆ ಮರಳುತ್ತಾನೆ, ಬಂದ ಊರಿನವರು ಅವನನ್ನು ಯಾವ ಹೆಸರಿನಿಂದ ಕರೆಯುತ್ತಾರೆ? ಇವು ಮನೆಮಾತಿನಂತೆ ಹಗುರವಾಗಿ ಕಂಡರೂ ಹಕ್ಕಿನ ಪ್ರಶ್ನೆ ನಿಂತಿರುವುದು ಇವುಗಳ ಮೇಲೆಯೇ. ಪಡಿತರ, ಮತ, ಶಾಲೆ, ಪರಿಹಾರ ಇವೆಲ್ಲವೂ ಒಂದು ವಿಳಾಸಕ್ಕೆ ಕಟ್ಟಿಹಾಕಿದ ಹಕ್ಕುಗಳು. ವಲಸಿಗನೋ ಎರಡು ವಿಳಾಸಗಳ ನಡುವೆ ಬದುಕುವವನು. ಕಾನೂನು ಯಾರನ್ನು ‘ವಲಸೆ ಕಾರ್ಮಿಕ’ ಎನ್ನುತ್ತದೆಯೋ ಅವನಿಗೂ, ಈ ತಾಲ್ಲೂಕುಗಳಿಂದ ನಿಜವಾಗಿ ಹೋಗುವ ಮತ್ತು ಇಲ್ಲಿಗೆ ಬರುವ ಮನುಷ್ಯನಿಗೂ ಹೋಲಿಕೆ ಕಡಿಮೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಹಳೆಯ ವಲಸೆಗಳು

ಈ ಸೀಮೆಯಲ್ಲಿ ‘ಮೂಲನಿವಾಸಿ’ ಎಂಬ ಮಾತನ್ನು ಎಚ್ಚರದಿಂದ ಆಡಬೇಕಾಗುತ್ತದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕೀರ್ತಿಗೆ ಕಾರಣರಾದ ರಾಮಾನುಜಾಚಾರ್ಯರು ಸಂಪ್ರದಾಯದ ಪ್ರಕಾರ ಚೋಳ ದೇಶದ ಕಿರುಕುಳದಿಂದ ತಪ್ಪಿಸಿಕೊಂಡು ಬಂದವರು. ಇಂದಿನ ಭಾಷೆಯಲ್ಲಿ ಆಶ್ರಯ ಕೋರಿ ಬಂದವರು. ಅವರ ಪರಂಪರೆಗೆ ಸೇರಿದ ಮಂಡಯಂ ಶ್ರೀವೈಷ್ಣವರ ಮನೆಗಳಲ್ಲಿ ಕನ್ನಡ ಬೆರೆತ ತಮಿಳು ಶತಮಾನಗಳಿಂದ ಉಳಿದು ಬಂದಿದೆ. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದ ಕಾರಣ ಆಂಗ್ಲರ ದಾಖಲೆಗಳಲ್ಲಿ ಆ ಊರು ‘ಫ್ರೆಂಚ್ ರಾಕ್ಸ್’ ಆಯಿತು.

ಬಲವಂತದ ವಲಸೆಯ ಉದಾಹರಣೆಯೂ ಇಲ್ಲಿಯೇ ಇದೆ. ಶ್ರೀರಂಗಪಟ್ಟಣದ ಪಕ್ಕದಲ್ಲಿ ‘ಶಹರ್ ಗಂಜಾಂ’ ಕಟ್ಟಿಸಿದ ಟಿಪ್ಪು, ಅದನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಕರೆತಂದನೆಂದು ಗೆಜೆಟಿಯರುಗಳು ದಾಖಲಿಸುತ್ತವೆ. ಒಂದು ಊರನ್ನು ತುಂಬಲು ಇನ್ನೊಂದು ಊರನ್ನು ಬರಿದು ಮಾಡಲಾಯಿತು ಎಂದರ್ಥ. 1799ರ ನಂತರ ತುಂಬಿದ ಊರೂ ಬರಿದಾಯಿತು. ರಾಜಧಾನಿ ಮೈಸೂರಿಗೆ ಹೋಯಿತು. 1809ರಲ್ಲಿ ಬ್ರಿಟಿಷ್ ದಂಡು ಮಲೇರಿಯಾಕ್ಕೆ ಹೆದರಿ ಬೆಂಗಳೂರಿಗೆ ಹೋಯಿತು. ಬೆಂಗಳೂರು ದಂಡು ಪ್ರದೇಶದ ಹುಟ್ಟಿಗೆ ಶ್ರೀರಂಗಪಟ್ಟಣದ ಸೊಳ್ಳೆಯೂ ಒಂದು ಕಾರಣ ಎಂದು ತಮಾಷೆಗೆ ಹೇಳಬಹುದು.

1911ರಲ್ಲಿ ಕೃಷ್ಣರಾಜಸಾಗರದ ಕಾಮಗಾರಿ ಆರಂಭವಾದಾಗ ಕೆಲಸಕ್ಕಾಗಿ ಜನ ಬಂದರು. ನೀರು ನಿಂತಾಗ ಕನ್ನಂಬಾಡಿ ಸೇರಿದಂತೆ ಹಲವು ಹಳ್ಳಿಗಳ ಜನ ಎದ್ದು ಹೋದರು. ಅಣೆಕಟ್ಟಿನ ಎಡದಂಡೆಯಿಂದ ಹೊರಟ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಜಿಲ್ಲೆಯ ಭೂಪಟವನ್ನು ನೀರಿದ್ದ ಹಳ್ಳಿ, ನೀರಿಲ್ಲದ ಹಳ್ಳಿ ಎಂದು ಎರಡಾಗಿ ಕತ್ತರಿಸಿತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಈ ಕತ್ತರಿಕೆ.

ಎಪ್‌ಸ್ಟೀನ್ ಕಂಡ ಎರಡು ಹಳ್ಳಿಗಳು

ಮಂಡ್ಯದ ವಲಸೆಯನ್ನು ಅರಿಯಲು ಇಂದಿಗೂ ಅತ್ಯುತ್ತಮ ಪ್ರವೇಶಿಕೆ ಸ್ಕಾರ್ಲೆಟ್ ಎಪ್‌ಸ್ಟೀನ್ ಅವರ ಅಧ್ಯಯನ. 1922ರಲ್ಲಿ ವಿಯೆನ್ನಾದ ಯಹೂದಿ ಕುಟುಂಬದಲ್ಲಿ ಹುಟ್ಟಿ, ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಇಂಗ್ಲೆಂಡ್ ಸೇರಿದ ಆಕೆ ಸ್ವತಃ ನಿರಾಶ್ರಿತೆ. 1950ರ ದಶಕದ ಮಧ್ಯದಲ್ಲಿ ಮಂಡ್ಯ ಪೇಟೆಗೆ ಸಮೀಪದ ಎರಡು ಹಳ್ಳಿಗಳಲ್ಲಿ ನೆಲೆಸಿ, ಅವುಗಳನ್ನು ‘ವಂಗಲ’ ಮತ್ತು ‘ದಲೇನ’ ಎಂಬ ಕಲ್ಪಿತ ಹೆಸರುಗಳಿಂದ ಕರೆದು 1962ರಲ್ಲಿ ಗ್ರಂಥ ಪ್ರಕಟಿಸಿದರು. ವಂಗಲಕ್ಕೆ ನಾಲೆಯ ನೀರು ಬಂದಿತ್ತು. ಎತ್ತರದಲ್ಲಿದ್ದ ದಲೇನಕ್ಕೆ ನೀರು ಹತ್ತಲಿಲ್ಲ.

ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಎಪ್‌ಸ್ಟೀನ್ ಕಂಡದ್ದು ತದ್ವಿರುದ್ಧ. ವಂಗಲದ ಒಕ್ಕಲು ಮಕ್ಕಳು ಶ್ರೀಮಂತರಾದರು, ಆದರೆ ಹೊಲ ಬಿಟ್ಟು ಕದಲಲಿಲ್ಲ. ಕುಲಪಾರಂಪರ್ಯದ ಆಳು-ಒಡೆಯ ಸಂಬಂಧಗಳು ಅಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿದವು. ದಲೇನದವರಾದರೋ ಸುತ್ತಮುತ್ತ ಬೆಳೆಯುತ್ತಿದ್ದ ಹೊಸ ಆರ್ಥಿಕತೆಯಲ್ಲಿ ತಮ್ಮ ಪಾಲು ಹುಡುಕಿಕೊಂಡು ಹೊರಬಿದ್ದರು: ಮಂಡ್ಯದ ಸಕ್ಕರೆ ಕಾರ್ಖಾನೆ, ಲೋಕೋಪಯೋಗಿ ಇಲಾಖೆ, ದನದ ವ್ಯಾಪಾರ, ಹಿಟ್ಟಿನ ಗಿರಣಿ. ಊರೊಳಗಿನ ಹಳೆಯ ಸಂಬಂಧಗಳು ಸಡಿಲಗೊಂಡದ್ದು ದಲೇನದಲ್ಲಿ. ಅದೇ ಹಳ್ಳಿಗಳಿಗೆ ಮರಳಿ ಬಂದು 1973ರಲ್ಲಿ ಇನ್ನೊಂದು ಪುಸ್ತಕ ಬರೆದರು, 1998ರಲ್ಲಿ ಎ.ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡ ಅವರೊಂದಿಗೆ ನಾಲ್ಕು ದಶಕಗಳ ಬದಲಾವಣೆಯನ್ನು ದಾಖಲಿಸಿದರು. ಭಾರತದ ಹಳ್ಳಿಗಳಲ್ಲಿ ಇಷ್ಟು ದೀರ್ಘಕಾಲ ಒಬ್ಬರದೇ ಕಣ್ಣಿಗೆ ಬಿದ್ದವು ಕಡಿಮೆ.

ಈ ಎರಡು ಹಳ್ಳಿಗಳ ಚಿತ್ರವನ್ನು ನಾಲ್ಕು ತಾಲ್ಲೂಕುಗಳಿಗೆ ಹಿಗ್ಗಿಸಿ ನೋಡಬಹುದು. ಶ್ರೀರಂಗಪಟ್ಟಣವೂ ಪಾಂಡವಪುರದ ನಾಲಾ ಬಯಲೂ ದೊಡ್ಡದೊಂದು ವಂಗಲ. ನಾಗಮಂಗಲ ಮತ್ತು ಕೆ.ಆರ್.ಪೇಟೆಯ ಮಳೆಯಾಶ್ರಿತ ಹೋಬಳಿಗಳು ದೊಡ್ಡದೊಂದು ದಲೇನ. ಹೇಮಾವತಿ ನಾಲೆ ಈ ಎರಡನೆಯ ಭಾಗಕ್ಕೆ ತಡವಾಗಿ, ಅದೂ ಅರ್ಧಂಬರ್ಧ ಬಂತು. ಅಷ್ಟರಲ್ಲಿ ಅಲ್ಲಿನವರು ದಾರಿ ಕಂಡುಕೊಂಡಿದ್ದರು. ಅದು ಬೆಂಗಳೂರಿನ ದಾರಿ ಮಾತ್ರವಲ್ಲ, ಮುಂಬೈ ದಾರಿ.

ಬಾಂಬೆಗೆ ಹೋದವರು

ಕೆ.ಆರ್.ಪೇಟೆ ಮತ್ತು ನಾಗಮಂಗಲದ ಕಡೆ ‘ಗುಳೆ’ ಎಂಬ ಪದವನ್ನು ಯಾರೂ ತಮ್ಮ ಬಗ್ಗೆ ಬಳಸುವುದಿಲ್ಲ. ‘ಬಾಂಬೇಲವ್ನೆ’ ಎನ್ನುತ್ತಾರೆ, ಅಷ್ಟೇ. ಗುಳೆಯಲ್ಲಿ ಬರಗಾಲದ ಧ್ವನಿಯಿದೆ, ಊರು ಖಾಲಿಯಾಗುವ ಚಿತ್ರವಿದೆ. ‘ಬಾಂಬೇಲವ್ನೆ’ ಎನ್ನುವಾಗ ಮನುಷ್ಯ ಊರಿಗೇ ಸೇರಿದವನು, ಸದ್ಯಕ್ಕೆ ಬೇರೆಡೆ ಇದ್ದಾನೆ ಎಂಬ ಭಾವವಿದೆ. ಸಮಾಜಶಾಸ್ತ್ರಜ್ಞರು ‘ಸರಪಳಿ ವಲಸೆ’ ಎಂದು ಕರೆಯುವ ಕ್ರಮಕ್ಕೆ ಇದು ಒಪ್ಪುವ ನಿದರ್ಶನ. ಹೋಟೆಲಿಗೆ ಒಬ್ಬ ಸೇರುತ್ತಾನೆ, ಮುಂದಿನ ವರ್ಷ ಭಾವಮೈದುನನನ್ನು ಕರೆಸಿಕೊಳ್ಳುತ್ತಾನೆ. ಅವನು ಆಟೊ ಹಿಡಿಯುತ್ತಾನೆ, ಷಡ್ಡಕನಿಗೆ ಟ್ಯಾಕ್ಸಿ ಕೊಡಿಸುತ್ತಾನೆ. ಗುತ್ತಿಗೆದಾರನಿಲ್ಲ, ನೇಮಕಾತಿ ಪತ್ರವಿಲ್ಲ, ಇರುವುದು ನಂಟಸ್ತಿಕೆ. ಮಹಾನಗರದ ಕೋಣೆಯಲ್ಲಿ ಊರಿನ ನಂಟು ಮುರಿಯುವುದಕ್ಕಿಂತ ಹೆಚ್ಚಾಗಿ ಬಿಗಿಯಾಗುತ್ತದೆ. ಊರಹಬ್ಬಕ್ಕೆ ವಂತಿಗೆ ಬರುತ್ತದೆ, ದೇವಸ್ಥಾನದ ಗೋಪುರಕ್ಕೆ ಹಣ ಬರುತ್ತದೆ, ಹೊಸ ತಾರಸಿ ಮನೆ ಎದ್ದು ಬೀಗ ಹಾಕಿಸಿಕೊಂಡು ನಿಲ್ಲುತ್ತದೆ.

ಈ ನಂಟಿನ ರಾಜಕೀಯ ಬೆಲೆಯೂ ದೊಡ್ಡದು. ಮುಂಬೈಯಲ್ಲಿ ಉದ್ಯಮ ನಡೆಸಿ ಊರಿಗೆ ಮರಳಿದ ಕೆ.ಸಿ. ನಾರಾಯಣಗೌಡರು 2013, 2018ರಲ್ಲಿಯೂ 2019ರ ಡಿಸೆಂಬರ್ ಉಪಚುನಾವಣೆಯಲ್ಲಿಯೂ ಕೆ.ಆರ್.ಪೇಟೆಯಿಂದ ಗೆದ್ದು ಸಚಿವರಾದರು. ಮೇಲುಕೋಟೆ ಕ್ಷೇತ್ರದಲ್ಲಿ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ನಿಧನಾನಂತರ ಅವರ ಮಗ ದರ್ಶನ್ ಪುಟ್ಟಣ್ಣಯ್ಯ ಅಮೆರಿಕದಿಂದ ಬಂದು 2018ರಲ್ಲಿ ಸೋತು 2023ರಲ್ಲಿ ಗೆದ್ದರು. ಕೆ.ಆರ್.ಪೇಟೆಯ ಬೂಕನಕೆರೆಯಲ್ಲಿ 1943ರಲ್ಲಿ ಹುಟ್ಟಿದ ಬಿ.ಎಸ್. ಯಡಿಯೂರಪ್ಪನವರು ಶಿಕಾರಿಪುರಕ್ಕೆ ಹೋಗಿ ಅಲ್ಲಿಂದ ಮುಖ್ಯಮಂತ್ರಿಯಾದರು. ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿದ ಜಯಲಲಿತಾ ತಮಿಳುನಾಡಿನ ಮುಖ್ಯಮಂತ್ರಿಯಾದರು. ಹೊರಗೆ ಹೋದವರ ಬಗ್ಗೆ ಹೆಮ್ಮೆಪಡಲು ಈ ಸೀಮೆಗೆ ಕಾರಣಗಳಿಗೆ ಕೊರತೆಯಿಲ್ಲ.

2020ರಲ್ಲಿ ನಡೆದದ್ದು

ಆ ಹೆಮ್ಮೆ ಎಷ್ಟು ಷರತ್ತಿನದು ಎಂಬುದು 2020ರ ಬೇಸಿಗೆಯಲ್ಲಿ ತಿಳಿಯಿತು. ಮಾರ್ಚ್ 25ರಂದು ದೇಶ ಸ್ತಬ್ಧವಾದಾಗ ಮುಂಬೈಯ ಹೋಟೆಲುಗಳು ಮುಚ್ಚಿದವು, ಆಟೊ ನಿಂತವು. ಆ ಏಪ್ರಿಲ್‌ನಲ್ಲಿ ಮುಂಬೈಯಲ್ಲಿ ತೀರಿಕೊಂಡ ವ್ಯಕ್ತಿಯೊಬ್ಬರ ದೇಹವನ್ನು ಪಾಂಡವಪುರ ತಾಲ್ಲೂಕಿನ ಹಳ್ಳಿಗೆ ತಂದು ಸಂಸ್ಕಾರ ಮಾಡಲಾಯಿತು. ಜೊತೆಯಲ್ಲಿ ಬಂದವರಿಗೆ ಸೋಂಕು ಇರುವುದು ನಂತರ ಖಚಿತವಾಯಿತು. ಜಿಲ್ಲೆಯಲ್ಲಿ ಭಾರಿ ಗದ್ದಲವಾಯಿತು. ಅಂಥ ಸಮಯದಲ್ಲಿ ಸಾವಿರ ಕಿಲೋಮೀಟರ್ ಶವವನ್ನೇಕೆ ತರಬೇಕಿತ್ತು ಎಂದು ಕೇಳಿದವರೇ ಹೆಚ್ಚು. ಎಲ್ಲಿ ದುಡಿದರೂ ಮಣ್ಣಾಗುವುದು ಊರಿನಲ್ಲಿ ಎಂಬ ನಂಬಿಕೆಯೇ ಈ ವಲಸೆಯನ್ನು ಇಷ್ಟು ವರ್ಷ ನಡೆಸಿಕೊಂಡು ಬಂದದ್ದು ಎಂಬುದನ್ನು ನೆನೆದವರು ಕಡಿಮೆ.

ಮೇ ತಿಂಗಳಲ್ಲಿ ಮುಂಬೈಯಿಂದ ಕೆ.ಆರ್.ಪೇಟೆ, ನಾಗಮಂಗಲಕ್ಕೆ ಜನ ಮರಳತೊಡಗಿದರು. ಮೇ 19ರಂದು ರಾಜ್ಯದಲ್ಲಿ ವರದಿಯಾದ 149 ಹೊಸ ಪ್ರಕರಣಗಳಲ್ಲಿ 71 ಮಂಡ್ಯದವು. ಬಹುಪಾಲು ಮುಂಬೈಯಿಂದ ಮರಳಿದವರವು. ಶಾಲೆಗಳೂ ವಿದ್ಯಾರ್ಥಿನಿಲಯಗಳೂ ಕ್ವಾರಂಟೈನ್ ಕೇಂದ್ರಗಳಾದವು. ‘ಬಾಂಬೇಲವ್ನೆ’ ಎಂಬ ಹೆಮ್ಮೆಯ ಮಾತು ಕೆಲವೇ ದಿನಗಳಲ್ಲಿ ‘ಬಾಂಬೆಯವರು’ ಎಂಬ ಬೈಗುಳವಾಯಿತು. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರ ತಮ್ಮ ಕೃತಿಯಲ್ಲಿ ಕೊಳೆ ಎಂದರೆ ತಾನಿರಬೇಕಾದ ಜಾಗದಲ್ಲಿಲ್ಲದ ವಸ್ತು ಎಂಬ ವಿಚಾರವನ್ನು ಮಂಡಿಸಿದ್ದರು. ಹಬ್ಬಕ್ಕೆ ಬಂದು ಹೋಗುವಾಗ ಸ್ಥಾನವಿದ್ದ ಮನುಷ್ಯ, ಅಕಾಲದಲ್ಲಿ ಬರಿಗೈಲಿ ಬಂದಾಗ ಸ್ಥಾನ ತಪ್ಪಿದವನಾದ. ರೋಗದ ಭಯ ನಿಜವಾದದ್ದೇ; ಆದರೆ ಭಯವು ಯಾರ ಮೇಲೆ ಬಂದು ಕುಳಿತಿತು ಎಂಬುದನ್ನು ವೈರಾಣು ತೀರ್ಮಾನಿಸಲಿಲ್ಲ.

ಹಕ್ಕಿನ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಎದ್ದದ್ದು ಅದರ ಹಿಂದಿನ ದಿನ. ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ಮೇ 31ರವರೆಗೆ ಪ್ರವೇಶವಿಲ್ಲವೆಂದು ಮೇ 18ರಂದು ರಾಜ್ಯ ಸರ್ಕಾರ ಪ್ರಕಟಿಸಿತು. ಪ್ರಕಟಿಸಿದ ಮುಖ್ಯಮಂತ್ರಿ ಬೂಕನಕೆರೆಯಲ್ಲಿ ಹುಟ್ಟಿದವರು. ಜಿಲ್ಲಾ ಉಸ್ತುವಾರಿ ಸಚಿವರು ಮುಂಬೈಯಿಂದ ಬಂದವರು. ಸಂವಿಧಾನದ 19(1)(ಡಿ) ಮತ್ತು (ಇ) ವಿಧಿಗಳು ದೇಶದಾದ್ಯಂತ ಸಂಚರಿಸುವ, ನೆಲೆಸುವ ಹಕ್ಕನ್ನು ಪ್ರತಿಯೊಬ್ಬ ಪ್ರಜೆಗೂ ಕೊಡುತ್ತವೆ. ಸಾರ್ವಜನಿಕ ಹಿತಕ್ಕಾಗಿ ಯುಕ್ತ ನಿರ್ಬಂಧಗಳಿಗೂ ಅವಕಾಶವಿದೆ. ತಪಾಸಣೆ, ಪ್ರತ್ಯೇಕ ವಾಸ ಯುಕ್ತ ನಿರ್ಬಂಧಗಳೇ. ಆದರೆ ಸ್ವಂತ ಊರಿಗೆ ಬರುವುದನ್ನೇ ತಡೆಯುವುದು ಯುಕ್ತವೇ? ಅಲ್ಲವೆಂದೇ ಈ ಲೇಖಕನ ಅಭಿಪ್ರಾಯ. ಅದೇ ತಿಂಗಳ ಆದಿಯಲ್ಲಿ ಇದೇ ಸರ್ಕಾರ ಕಟ್ಟಡ ನಿರ್ಮಾಣಗಾರರೊಂದಿಗೆ ಸಭೆ ನಡೆಸಿದ ಬಳಿಕ ಬಿಹಾರ, ಉತ್ತರ ಪ್ರದೇಶದವರು ಹೊರಡುವ ಶ್ರಮಿಕ ರೈಲುಗಳನ್ನು ನಿಲ್ಲಿಸಿ, ಟೀಕೆ ಎದುರಾದಾಗ ಮತ್ತೆ ಬಿಟ್ಟಿತ್ತು. ಅಂದರೆ ಹೊರಗಿನವರು ಹೋಗಬಾರದು, ನಮ್ಮವರು ಬರಬಾರದು. ಎರಡೂ ಆಜ್ಞೆಗಳಲ್ಲಿ ವಲಸಿಗನು ದುಡಿಯುವ ಕೈಯಾಗಿ ಮಾತ್ರ ಕಾಣಿಸಿದ.

ಸರ್ವೋಚ್ಚ ನ್ಯಾಯಾಲಯ 2020ರ ಮೇ 26ರಂದು ತಾನಾಗಿ ಪ್ರಕರಣ ದಾಖಲಿಸಿಕೊಂಡು, ವಲಸಿಗರಿಂದ ಪ್ರಯಾಣ ದರ ಪಡೆಯಬಾರದೆಂದು ಎರಡು ದಿನಗಳಲ್ಲಿ ಆದೇಶಿಸಿತು. 2021ರ ಜೂನ್ 29ರ ತೀರ್ಪಿನಲ್ಲಿ ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯನ್ನು ಎಲ್ಲ ರಾಜ್ಯಗಳೂ ಜಾರಿಗೊಳಿಸಬೇಕೆಂದೂ ಅಸಂಘಟಿತ ಕಾರ್ಮಿಕರ ನೋಂದಣಿ ಪೂರ್ಣಗೊಳ್ಳಬೇಕೆಂದೂ ಹೇಳಿತು. ಇ-ಶ್ರಮ್ ಜಾಲತಾಣ ಆರಂಭವಾದದ್ದು ಅದೇ ಆಗಸ್ಟ್ 26ರಂದು.

ಇಲ್ಲಿಗೆ ಬಂದವರು

ಇನ್ನು ಒಳಬರುವವರ ಕಡೆ. ನಾಲಾ ಬಯಲಿನ ಕಬ್ಬು ಕಡಿಯಲು ಹಡಗಲಿ, ಹಗರಿಬೊಮ್ಮನಹಳ್ಳಿ ಮುಂತಾದ ಕಡೆಗಳ ತಾಂಡಾಗಳಿಂದ, ಅಂದರೆ ಹಿಂದಿನ ಬಳ್ಳಾರಿ, ಈಗಿನ ವಿಜಯನಗರ ಜಿಲ್ಲೆಯಿಂದ ಲಂಬಾಣಿ ಮತ್ತಿತರ ಸಮುದಾಯಗಳ ಗ್ಯಾಂಗುಗಳು ಬರುತ್ತವೆ. ಮೇಸ್ತ್ರಿ ಮುಂಗಡ ಹಂಚುತ್ತಾನೆ. ಕೂಲಿ ಟನ್ನಿನ ಲೆಕ್ಕ. ಗಂಡ ಕಡಿಯುತ್ತಾನೆ, ಹೆಂಡತಿ ಸೋಗೆ ಸವರಿ ಹೊರೆ ಕಟ್ಟುತ್ತಾಳೆ; ಲೆಕ್ಕದ ಚೀಟಿಯಲ್ಲಿ ಹೆಸರು ಗಂಡನದು. ನಾಲೆಯ ಏರಿಯ ಪಕ್ಕ ಟಾರ್ಪಾಲಿನ ಗುಡಾರ. ಮಕ್ಕಳ ಶಾಲೆ ಊರಲ್ಲಿ, ಮಕ್ಕಳು ಗುಡಾರದಲ್ಲಿ. ಸರ್ವಶಿಕ್ಷಾ ಅಭಿಯಾನದ ಕಾಲದಲ್ಲಿ ವಲಸೆ ಮಕ್ಕಳಿಗಾಗಿ ಟೆಂಟ್ ಶಾಲೆಗಳ ಪ್ರಯೋಗ ರಾಜ್ಯದಲ್ಲಿ ನಡೆಯಿತು. ಆದರೆ ಗುಡಾರ ಗದ್ದೆಯಿಂದ ಗದ್ದೆಗೆ ಸಾಗುವಷ್ಟು ಸುಲಭವಾಗಿ ಶಾಲೆ ಸಾಗಲಾರದು.

ಆಲೆಮನೆಗಳಲ್ಲಿ ಈಗ ಉತ್ತರ ಪ್ರದೇಶ, ಬಿಹಾರದ ಯುವಕರು. ಗಾಣಕ್ಕೆ ಕಬ್ಬು ಕೊಡುವುದು, ಕೊಪ್ಪರಿಗೆಯ ಪಾಕ ನೋಡುವುದು, ಅಚ್ಚಿಗೆ ಸುರಿಯುವುದು ಒಂದು ಕಾಲಕ್ಕೆ ಮಂಡ್ಯದವರದೇ ಕುಶಲವಿದ್ಯೆಯಾಗಿತ್ತು. ಸ್ಥಳೀಯ ಭೂರಹಿತರಿರುವಾಗ ದೂರದವರನ್ನೇಕೆ ಕರೆತರಬೇಕು? ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ ದಕ್ಷಿಣ ಗುಜರಾತಿನ ಕಬ್ಬಿನ ಬಯಲಿನಲ್ಲಿ ಇದೇ ಪ್ರಶ್ನೆ ಕೇಳಿದ್ದರು. ಅವರು ಕಂಡುಕೊಂಡ ಉತ್ತರ ನಿಷ್ಠುರವಾದದ್ದು: ಹೊರಗಿನವನು ಅಗ್ಗವೆಂದಷ್ಟೇ ಅಲ್ಲ, ಅವನು ಹೇಳಿದ ಹೊತ್ತಿಗೆ ಏಳುತ್ತಾನೆ, ಸಂಜೆ ಮನೆಗೆ ಹೋಗುವುದಿಲ್ಲ, ಕಷ್ಟ ಹೇಳಿಕೊಳ್ಳಲು ಅವನಿಗೆ ನೆಂಟರಿಲ್ಲ. ಮೈಸೂರು ಸೀಮೆಯ ‘ರಾಂಪುರ’ವನ್ನು ಅಭ್ಯಸಿಸಿದ ಎಂ.ಎನ್. ಶ್ರೀನಿವಾಸರು ‘ಪ್ರಬಲ ಜಾತಿ’ಯ ಪರಿಕಲ್ಪನೆ ಕೊಟ್ಟರು: ಭೂಮಿ, ಸಂಖ್ಯೆ, ಪ್ರಭಾವ ಮೂರೂ ಒಂದೆಡೆ ಸೇರಿದ ಸಮುದಾಯ. ಊರಿನ ದಲಿತ ಕೂಲಿಕಾರನಿಗೆ ಅದರ ಎದುರು ನಿಲ್ಲಲು ಮತವಿದೆ, ಸಂಘಟನೆಯಿದೆ, ಪೇಟೆಯ ಕೆಲಸದ ಬಸ್ಸಿದೆ. ಗುಡಾರದವನಿಗೆ ಮೂರೂ ಇಲ್ಲ. ಮಂಡ್ಯದ ರೈತನು ಬೆಲೆ ಸಿಗದೆ, ಬಾಕಿ ಬಾರದೆ ಸ್ವತಃ ಸಂಕಟದಲ್ಲಿರುವುದು ನಿಜ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತು 2020ರಲ್ಲಿ ಖಾಸಗಿ ಗುತ್ತಿಗೆಗೆ ಹೋದದ್ದು ಆ ಸಂಕಟದ್ದೇ ಕಥೆ. ಸಂಕಟದಲ್ಲಿರುವ ಒಡೆಯನ ಕೈಕೆಳಗಿನ ಆಳಿನ ಸಂಕಟ ಅದರಿಂದ ಕಡಿಮೆಯಾಗುವುದಿಲ್ಲ.

ಕಲ್ಲುಗಣಿಗಳದು ಇನ್ನೂ ಕಠೋರವಾದ ಅಧ್ಯಾಯ. 2000ನೇ ಇಸವಿಯಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕ್ವಾರಿಯಲ್ಲಿ ಕಾಲಿಗೆ ಕಬ್ಬಿಣದ ಸರಪಳಿ ಬಿಗಿಸಿಕೊಂಡಿದ್ದ ಕಾರ್ಮಿಕರು ಪತ್ತೆಯಾದರು. ಬೆಂಗಳೂರು ಮಾಹಿತಿ ತಂತ್ರಜ್ಞಾನದ ರಾಜಧಾನಿಯೆಂದು ಕೊಂಡಾಡಿಸಿಕೊಳ್ಳುತ್ತಿದ್ದ ವರ್ಷವದು. ಹಂಗರಹಳ್ಳಿ ಅಲ್ಲಿಂದ ಕೆಲವೇ ಗಂಟೆಗಳ ದಾರಿ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದು ಆಗಲೇ 24 ವರ್ಷಗಳಾಗಿದ್ದವು. 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. 1983ರಲ್ಲಿ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ಕ್ವಾರಿ ಕಾರ್ಮಿಕರ ಬಗ್ಗೆಯೇ ತೀರ್ಪು ನೀಡಿತ್ತು. ಸರಪಳಿ ಅಪವಾದವಿರಬಹುದು, ಮುಂಗಡವೆಂಬ ಕಾಣದ ಸರಪಳಿ ಅಪವಾದವಲ್ಲ. ಕೆಆರ್‌ಎಸ್ ಸುತ್ತಲಿನ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ಹೈಕೋರ್ಟ್ 2024ರ ಜನವರಿಯಲ್ಲಿ ನಿಷೇಧಿಸಿತು. ಅಣೆಕಟ್ಟಿನ ಸುರಕ್ಷತೆಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಕ್ವಾರಿ ನಿಂತಾಗ ಅಲ್ಲಿ ದುಡಿಯುತ್ತಿದ್ದವರು ಎಲ್ಲಿಗೆ ಹೋಗಬೇಕೆಂಬ ಚರ್ಚೆ ಅಷ್ಟು ಕೇಳಿಬಂದಿಲ್ಲ.

ಕಾನೂನಿನ ಜರಡಿ

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ರೂಪುಗೊಂಡದ್ದು ಒಡಿಶಾದ ‘ದಾದನ್’ ಪದ್ಧತಿಯ ಹಿನ್ನೆಲೆಯಲ್ಲಿ; ದಲ್ಲಾಳಿಯೊಬ್ಬ ಕೂಲಿಗಳನ್ನು ಗುಂಪಾಗಿ ಹೊರರಾಜ್ಯಕ್ಕೆ ಸಾಗಿಸುವುದು ಅದರ ಮನಸ್ಸಿನಲ್ಲಿದ್ದ ಚಿತ್ರ. ಗುತ್ತಿಗೆದಾರನ ಮೂಲಕ ಬಂದ, ಐದು ಅಥವಾ ಹೆಚ್ಚು ಹೊರರಾಜ್ಯದವರಿದ್ದ ಕಡೆ ಅದು ಅನ್ವಯಿಸುತ್ತಿತ್ತು. ಸ್ಥಳಾಂತರ ಭತ್ಯೆ, ಪ್ರಯಾಣ ಭತ್ಯೆ, ವಸತಿ, ವೈದ್ಯಕೀಯ ಸೌಲಭ್ಯ ಎಲ್ಲವೂ ಅದರಲ್ಲಿದ್ದವು. ಈಗ ನಮ್ಮ ನಾಲ್ಕು ತಾಲ್ಲೂಕುಗಳನ್ನು ಆ ಜರಡಿಗೆ ಹಾಕಿ ನೋಡೋಣ. ಭಾವನ ಜೊತೆ ಮುಂಬೈಗೆ ಹೋದ ಕೆ.ಆರ್.ಪೇಟೆಯವನಿಗೆ ಗುತ್ತಿಗೆದಾರನಿಲ್ಲ, ಅವನು ಬಿದ್ದುಹೋದ. ಹಡಗಲಿಯಿಂದ ಪಾಂಡವಪುರಕ್ಕೆ ಬಂದವನಿಗೆ ಮೇಸ್ತ್ರಿಯಿದ್ದಾನೆ, ಮುಂಗಡವಿದೆ, ಗುಡಾರವಿದೆ, ಆದರೆ ಅವನು ರಾಜ್ಯದ ಗಡಿ ದಾಟಿಲ್ಲ, ಅವನೂ ಬಿದ್ದುಹೋದ.

ಈ ಕಾಯ್ದೆಯ ಬದಲಿಗೆ ಬಂದ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ತಾನಾಗಿ ಬೇರೆ ರಾಜ್ಯಕ್ಕೆ ಹೋಗಿ ಕೆಲಸ ಹಿಡಿದವನನ್ನೂ ಅದು ವಲಸೆ ಕಾರ್ಮಿಕನೆಂದು ಒಪ್ಪುತ್ತದೆ. ಇದು ಮಹತ್ವದ ಮುನ್ನಡೆ. ಆದರೆ ಅನ್ವಯದ ಮಿತಿ ಐದರಿಂದ ಹತ್ತಕ್ಕೆ ಏರಿತು, ಸ್ಥಳಾಂತರ ಭತ್ಯೆ ಕೈಬಿಟ್ಟಿತು, ‘ಅಂತರರಾಜ್ಯ’ ಎಂಬ ಪದ ಹಾಗೆಯೇ ಉಳಿಯಿತು. ಸಣ್ಣ ಆಲೆಮನೆಯೊಂದರಲ್ಲಿ ಹತ್ತು ಮಂದಿ ಹೊರರಾಜ್ಯದವರು ಇರುವುದು ಅಪರೂಪ. ಹಡಗಲಿಯವನು ಮೊದಲಿನಂತೆಯೇ ಜರಡಿಯ ಕೆಳಗೆ. ವಿಶ್ವಸಂಸ್ಥೆಯ 1990ರ ವಲಸೆ ಕಾರ್ಮಿಕರ ಒಡಂಬಡಿಕೆಯೂ ಇಲ್ಲಿ ನೆರವಿಗೆ ಬಾರದು. ಅದು ದೇಶದ ಗಡಿ ದಾಟಿದವರಿಗೆ ಮಾತ್ರ, ಜೊತೆಗೆ ಭಾರತ ಅದಕ್ಕೆ ಸಹಿ ಮಾಡಿಲ್ಲ. 2011ರ ಜನಗಣತಿಯಂತೆ ದೇಶದೊಳಗಿನ ವಲಸಿಗರೋ 45 ಕೋಟಿ.

ಹೆಂಗಸರ ಲೆಕ್ಕ

ಆ 45 ಕೋಟಿಯಲ್ಲಿ ಮೂರನೇ ಎರಡಕ್ಕೂ ಹೆಚ್ಚು ಮಂದಿ ಮಹಿಳೆಯರು, ಬಹುತೇಕ ಮದುವೆಯಾಗಿ ಊರು ಬದಲಿಸಿದವರು. ಮದುವೆಯನ್ನು ವಲಸೆಯೆಂದು ಭಾವಿಸದಿರುವುದು ರೂಢಿ. ಹಳೇ ಮೈಸೂರಿನಲ್ಲಿ ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವ ಪದ್ಧತಿಯಿಂದಾಗಿ ಹೆಣ್ಣುಮಗಳ ಈ ವಲಸೆ ಹತ್ತಾರು ಕಿಲೋಮೀಟರಿಗೆ ಮುಗಿಯುತ್ತಿತ್ತು. ಈಗ ಓದಿದ ಹೆಣ್ಣುಮಕ್ಕಳು ಬೆಂಗಳೂರು, ಮೈಸೂರಿಗೆ ಹೋಗುತ್ತಾರೆ, ಅಲ್ಲಿರುವವನನ್ನೇ ಮದುವೆಯಾಗಬಯಸುತ್ತಾರೆ. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ 2022ರ ನವೆಂಬರ್‌ನಲ್ಲಿ ನಡೆದ ವಧು-ವರರ ಸಮಾವೇಶಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಯುವಕರು, ಕೆಲವೇ ನೂರು ಯುವತಿಯರು ಹೆಸರು ಕೊಟ್ಟಿದ್ದಾಗಿ ವರದಿಯಾಯಿತು. ಮೂರು ತಿಂಗಳ ನಂತರ ಮದ್ದೂರು ಕಡೆಯ ಅವಿವಾಹಿತ ರೈತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ನಗೆಯಾಡಿದವರು ಬಹಳ. ಹೆಣ್ಣುಭ್ರೂಣ ಹತ್ಯೆಯ ಪಾಪವೂ ಇದರಲ್ಲಿದೆ, ನಿಜ. ಆದರೆ ವಲಸೆ ಹೋದದ್ದು ಮಗನಲ್ಲ, ಮಗಳು ಎಂಬ ಹೊಸ ಸತ್ಯವೂ ಇದೆ.

ಊರು ಬಿಡಲಾಗದ ಹೆಂಗಸರನ್ನು ಹುಡುಕಿಕೊಂಡು ಬಂಡವಾಳವೇ ವಲಸೆ ಬಂದದ್ದೂ ಉಂಟು. ಶ್ರೀರಂಗಪಟ್ಟಣದ ಗೋಕುಲದಾಸ್ ಸಮೂಹದ ಸಿದ್ಧ ಉಡುಪು ಘಟಕ 2020ರ ಜೂನ್‌ನಲ್ಲಿ ಮುಚ್ಚಿದಾಗ 1,200ಕ್ಕೂ ಹೆಚ್ಚು ಮಂದಿ, ಬಹುಪಾಲು ಮಹಿಳೆಯರು, ಕೆಲಸ ಕಳೆದುಕೊಂಡು ಗೇಟಿನ ಮುಂದೆ ಧರಣಿ ಕುಳಿತರು. ಮರುನೇಮಕದ ಒಪ್ಪಂದವಾಗಲು 2021ರ ಫೆಬ್ರವರಿ ಬರಬೇಕಾಯಿತು. ಕಾರ್ಖಾನೆ ಬೇರೆಡೆಗೆ ಸುಲಭವಾಗಿ ಹೋಗುತ್ತದೆ. ಮಗು, ಅತ್ತೆ, ಎರಡು ಹಸುಗಳಿರುವ ಮನೆಯ ಹೆಂಗಸು ಹೋಗಲಾರಳು.

ಪಡಿತರ, ಬಸ್ಸು, ಮತ

ಹಕ್ಕು ಮನುಷ್ಯನ ಜೊತೆ ಪ್ರಯಾಣಿಸಬಲ್ಲುದೇ ಎಂಬುದಕ್ಕೆ ಪಡಿತರ ಚೀಟಿಯೇ ಪರೀಕ್ಷೆ. ಒಂದು ದೇಶ ಒಂದು ಪಡಿತರ ಚೀಟಿಯ ಮೊದಲ 12 ರಾಜ್ಯಗಳಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ 2020ರ ಜನವರಿ 1ರಿಂದಲೇ ಸೇರಿದ್ದವು. ಅಂದರೆ ಲಾಕ್‌ಡೌನ್ ಬರುವಷ್ಟರಲ್ಲಿ ಕೆ.ಆರ್.ಪೇಟೆಯ ಚೀಟಿ ಕಾಗದದ ಮೇಲೆ ಮುಂಬೈಯಲ್ಲಿಯೂ ಚಲಾವಣೆಯಲ್ಲಿತ್ತು! ಆದರೆ ಗಡಿಯಾಚೆ ದೊರೆಯುವುದು ಕೇಂದ್ರದ ಆಹಾರ ಭದ್ರತಾ ಕಾಯ್ದೆಯ ಧಾನ್ಯ ಮಾತ್ರ; ರಾಜ್ಯ ಕೊಡುವ ಹೆಚ್ಚುವರಿ ಪಾಲು ಗಡಿಯಲ್ಲಿ ನಿಲ್ಲುತ್ತದೆ. ಮನೆಯವರೆಲ್ಲ ಒಂದೇ ಚೀಟಿಯಲ್ಲಿ, ಅರ್ಧ ಜನ ಊರಲ್ಲಿ, ಅರ್ಧ ಜನ ಹೊರಗೆ ಇರುವಾಗ ಯಾರ ಪಾಲು ಯಾರು ಎತ್ತಬೇಕೆಂಬುದನ್ನು ಮನೆಯೇ ಬಗೆಹರಿಸಿಕೊಳ್ಳಬೇಕು.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ನಿವಾಸಿಯೆಂಬ ಗುರುತಿನ ಚೀಟಿ ತೋರಿಸಿದ ಮಹಿಳೆಗೆ ಸರ್ಕಾರಿ ಬಸ್ಸು ಉಚಿತ. ಹಡಗಲಿಯ ಕಬ್ಬು ಕಡಿಯುವವಳು ಊರಿಗೆ ಹೋಗಿಬರುವ ಖರ್ಚು ಅಷ್ಟರಮಟ್ಟಿಗೆ ಉಳಿಯಿತು. ಕಾರ್ಮಿಕ ಕಾನೂನು ಕೊಡದ ಪ್ರಯಾಣ ಭತ್ಯೆಯನ್ನು ಸಾರಿಗೆ ಸಂಸ್ಥೆ ಕೊಟ್ಟಂತಾಯಿತು. ಅದೇ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತ ಬಿಹಾರದ ಕಾರ್ಮಿಕನ ಹೆಂಡತಿ ಪೂರ್ತಿ ಟಿಕೆಟ್ ಕೊಳ್ಳಬೇಕು.

ಮತದಾರರ ಪಟ್ಟಿಗೆ ಸೇರಲು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಕ್ಷೇತ್ರದಲ್ಲಿ ‘ಸಾಮಾನ್ಯವಾಗಿ ವಾಸಿಸುತ್ತಿರಬೇಕು’. ಮುಂಬೈಯಲ್ಲಿ ಹನ್ನೊಂದು ತಿಂಗಳು ಇರುವವನು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತಾನೆ? ಅವನನ್ನು ಕೇಳಿದರೆ ಕೆ.ಆರ್.ಪೇಟೆ ಎನ್ನುತ್ತಾನೆ. ಕಾನೂನಿನ ಅಕ್ಷರ ಬೇರೆ ಹೇಳಬಹುದು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳವರೆಗೆ ಮತ ದಾಖಲಿಸಬಲ್ಲ ದೂರಮತದಾನ ಯಂತ್ರದ ಮಾದರಿಯನ್ನು ಚುನಾವಣಾ ಆಯೋಗ 2022ರ ಡಿಸೆಂಬರ್ ಕೊನೆಯಲ್ಲಿ ಪ್ರಕಟಿಸಿ, ಮರುತಿಂಗಳು ಪಕ್ಷಗಳನ್ನು ಕರೆಯಿತು. ಹಲವು ಪಕ್ಷಗಳ ಆಕ್ಷೇಪದಿಂದ ಅದು ಮುಂದುವರಿಯಲಿಲ್ಲ. ಹೀಗಾಗಿ ಚುನಾವಣೆ ಬಂದಾಗ ಅಭ್ಯರ್ಥಿಗಳೇ ಮುಂಬೈಗೆ, ಬೆಂಗಳೂರಿಗೆ ಹೋಗಿ ಊರಿನವರ ಸಭೆ ಕರೆಯುತ್ತಾರೆ, ಮತದಾನದ ಹಿಂದಿನ ರಾತ್ರಿ ಬಸ್ಸುಗಳು ಹೊರಡುತ್ತವೆ. ಹಡಗಲಿಯ ಗ್ಯಾಂಗಿಗೆ ಅಂಥ ಬಸ್ಸು ಬರುವುದು ಕಡಿಮೆ. ಗದ್ದೆಯ ಕಟಾವು ಮುಗಿಯುವವರೆಗೆ ಮೇಸ್ತ್ರಿ ಬಿಡುವುದೂ ಇಲ್ಲ.